ನಿಮ್ಮಮ್ಮ ಯಾರ ಜೊತೆ ನಡೀತಾರೆ?

ಭಾನುವಾರ ಒಬ್ಬ ಅಜ್ಜಿ ಕೇಳಿದ ಪ್ರಶ್ನೆ ಇನ್ನೂ ತಲೆಯಿಂದ ಹೋಗಿಲ್ಲ.

ನಾವಿರುವ ದಕ್ಷಿಣ ಕೊರಿಯಾದ ದೇಜನ್ ನಗರದಲ್ಲಿ ಗ್ಯೇಜೊಕ್‌ಸಾನ್ ಅಂತ ಒಂದು ಬೆಟ್ಟವಿದೆ. ಅಲ್ಲಿ 14.5 ಕಿಲೋಮೀಟರ್ ಉದ್ದದ ಕೆಮ್ಮಣ್ಣಿನ ದಾರಿ. 2006ರಲ್ಲಿ ಈ ಊರಿನದೇ ಒಂದು ಸೋಜು (ಕೊರಿಯಾದ ಮದ್ಯ) ಕಂಪನಿ ಮಣ್ಣು ತರಿಸಿ ಹಾಕಿಸಲು ಶುರುಮಾಡಿತು. ಜನ ಶೂ ಬಿಚ್ಚಿ ಕೈಯಲ್ಲಿ ಹಿಡಿದು ನಡೆಯುತ್ತಾರೆ. ಹಿಂದಿನ ರಾತ್ರಿ ಮಳೆಯಾಗಿತ್ತು. ಬೆರಳ ಸಂದಿಯಿಂದ ಕೆಸರು ಉಕ್ಕುತ್ತಿತ್ತು. ನಾನು ಜಾರುತ್ತಿದ್ದೆ, ಅಜ್ಜಿ ಜಾರುತ್ತಿರಲಿಲ್ಲ. ಇಡೀ ಪಾದ ಒಟ್ಟಿಗೆ ಊರಿ, ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತಿದ್ದರು.

ಅವರಿಗೆ 82 ವರ್ಷ. ಜೊತೆಗೆ ಇಬ್ಬರು ಗೆಳತಿಯರು. ಬೆಂಚಿನ ಮೇಲೆ ಕೂತಾಗ ಡಬ್ಬಿ ತೆಗೆದು, ಉದ್ದಕ್ಕೆ ಹೆಚ್ಚಿದ ಸೌತೆಕಾಯಿ ಹೋಳೊಂದನ್ನು ನನ್ನ ಕೈಗೂ ಇಟ್ಟರು. ಅಮ್ಮ ಇದ್ದಾರಾ, ವಯಸ್ಸೆಷ್ಟು ಅಂತ ವಿಚಾರಿಸಿದರು. 71, ಶುಗರ್ ಇದೆ ಅಂದೆ. ಆಗ ಕೇಳಿದ್ದು: "ಅವರು ಯಾರ ಜೊತೆ ನಡೀತಾರೆ?"

ಅಪ್ಪ ಹೋದ ಮೇಲೆ ಅಮ್ಮ ಹಾಸನದ ಮನೆಯ ಟೆರೇಸಿನಲ್ಲಿ ಸುತ್ತು ಹಾಕುತ್ತಾರೆ. "ಒಬ್ಬರೇ" ಅಂದೆ. ಅಜ್ಜಿ ಏನೂ ಅನ್ನಲಿಲ್ಲ. ಇನ್ನೊಂದು ಹೋಳು ಕೊಟ್ಟರು.

ಇದೇ ವಾರ ಅಣ್ಣ ಮನೆಯವರ ಗ್ರೂಪಿಗೆ ಒಂದು ವಿಡಿಯೋ ಹಾಕಿದ್ದ. ಕೊರಿಯಾದವರ ಹಾಗೆ ಬರಿಗಾಲಲ್ಲಿ ನಡೆದರೆ ಶುಗರ್ ಇಳಿಯುತ್ತಂತೆ, ಅಮ್ಮ ನೀನೂ ಮಾಡು ಅಂತ. ಅಣ್ಣ ಒಳ್ಳೆಯವನು, ಅಮ್ಮನ ಮೇಲೆ ಪ್ರಾಣ. ಆದರೂ ನನಗೆ ಸಿಟ್ಟು ಬಂತು. ಶುಗರ್ ಇದ್ದವರಿಗೆ ಪಾದದ ಸ್ಪರ್ಶ ಕಡಿಮೆಯಾಗಿರಬಹುದು. ಗಾಜು ಚುಚ್ಚಿದರೂ ಗೊತ್ತಾಗಲ್ಲ, ಗಾಯ ಬೇಗ ಮಾಯುವುದೂ ಇಲ್ಲ. ಅಮ್ಮನಿಗೆ ಬೇಕಿರುವುದು ಒಳ್ಳೆ ಶೂ.

ಆ ಅಜ್ಜಿಯ ಆರೋಗ್ಯ ಬರೀ ಮಣ್ಣಿನಿಂದ ಬಂದದ್ದು ಅಂತ ನನಗನ್ನಿಸುವುದಿಲ್ಲ. 2023ರಿಂದ ಇಲ್ಲಿ 70 ದಾಟಿದವರಿಗೆ ಸಿಟಿ ಬಸ್ ಉಚಿತ. ಬೆಟ್ಟದ ಬುಡದಲ್ಲಿ ಕಾಲು ತೊಳೆಯಲು ನಲ್ಲಿ ಇದೆ. ಎರಡು ವರ್ಷಕ್ಕೊಮ್ಮೆ ಸರ್ಕಾರದ ಆರೋಗ್ಯ ತಪಾಸಣೆ ಇದೆ. ಹೊಟ್ಟೆಯ ಕ್ಯಾನ್ಸರ್ ಇಲ್ಲಿ ಜಾಸ್ತಿ, ಹಾಗಾಗಿ 40 ದಾಟಿದವರಿಗೆ ಎಂಡೋಸ್ಕೋಪಿಯೂ ಅದರಲ್ಲಿ ಸೇರಿದೆ. ಇದ್ಯಾವುದೂ ವಿಡಿಯೋದಲ್ಲಿ ಬರಲ್ಲ. ರಟ್ಟು ಆಯ್ದು ಗಾಡಿ ತಳ್ಳುವ ಮುದುಕರೂ ಬರಲ್ಲ. ಶ್ರೀಮಂತ ದೇಶಗಳ ಪೈಕಿ ವಯಸ್ಸಾದವರ ಬಡತನ ಅತಿ ಹೆಚ್ಚಿರುವುದು ಇಲ್ಲೇ. ಅವರನ್ನು ಬೆಟ್ಟಕ್ಕೆ ಕರೆಯುವವರು ಯಾರು? ಈ ಅಜ್ಜಿಯನ್ನು ಮನೆಯಿಂದ ಹೊರಡಿಸುವುದು ಏಳು ಗಂಟೆಗೆ ಬಸ್ ಸ್ಟಾಪಿನಲ್ಲಿ ಕಾಯುವ ಆ ಇಬ್ಬರು ಗೆಳತಿಯರು. ಒಬ್ಬರು ಬರದಿದ್ದರೆ ಇನ್ನಿಬ್ಬರು ಮನೆಗೇ ಹೋಗಿ ಬಾಗಿಲು ತಟ್ಟುತ್ತಾರಂತೆ.

ಸಂಜೆ ಅಮ್ಮನಿಗೆ ಫೋನ್ ಮಾಡಿದೆ. ಹಿಂದಿನ ಬೀದಿಯ ಟೀಚರಮ್ಮನ ಜೊತೆ ಮಹಾರಾಜ ಪಾರ್ಕಿಗೆ ಹೋಗಬಹುದಲ್ವಾ ಅಂದೆ.

"ಅವರಿಗೆ ಮಂಡಿ ನೋವು ಕಣೇ, ತುಂಬಾ ನಿಧಾನ."

"ನಿಧಾನವೇ ಆಗಲಿ. ನಾನೇ ಮಾತಾಡ್ತೀನಿ."

ಅಮ್ಮ ಟೀಚರಮ್ಮನ ನಂಬರ್ ಕಳಿಸಿದ್ದಾರೆ. ಶೂ ಕೊಡಿಸುವ ಕೆಲಸ ಅಣ್ಣನಿಗೆ ಒಪ್ಪಿಸಿದ್ದೇನೆ.