ಹೊಸ ಆಲ್ಟೊ ದುಡ್ಡಿಗೆ ಹಳೆ ಬೆಂಜ್: ತಗೊಳ್ಳಬಹುದಾ?

ಮನೆ ಮುಂದೆ ಹಳೆಯ ಜರ್ಮನ್ ಕಾರು ನಿಲ್ಲಿಸಿಕೊಂಡವರಿಗೆ ಮದುವೆ ಊಟದ ಪಂಕ್ತಿಯಲ್ಲೂ ಈ ಪ್ರಶ್ನೆ ತಪ್ಪುವುದಿಲ್ಲ. "ಹೊಸ ಆಲ್ಟೊ ದುಡ್ಡಿಗೆ ಹಳೆ ಬೆಂಜ್ ಸಿಗ್ತಿದೆಯಂತೆ, ತಗೊಳ್ಳಲಾ?" ತಗೊಳ್ಳಿ. ಆದರೆ ಏನು ಕೆಟ್ಟಿದೆ ಎಂದು ಖಚಿತವಾಗುವ ತನಕ ಒಂದು ಪಾರ್ಟನ್ನೂ ಬದಲಾಯಿಸದೆ ಕಾಯುವ ತಾಳ್ಮೆ ಇದ್ದರೆ ಮಾತ್ರ.

ಕಾರಿನ ಬೆಲೆ ಇಳಿದಿದೆ, ಪಾರ್ಟ್‌ಗಳ ಬೆಲೆ ಇಳಿದಿಲ್ಲ. ಇದು ಎಲ್ಲರಿಗೂ ಗೊತ್ತು. ಆದರೂ ಜೇಬು ಖಾಲಿಯಾಗುವುದು ದುಬಾರಿ ಪಾರ್ಟ್‌ನಿಂದಲ್ಲ, ಅಂದಾಜಿನ ಮೇಲೆ ಹಾಕಿಸಿದ ಪಾರ್ಟ್‌ನಿಂದ.

ಏರ್ ಸಸ್ಪೆನ್ಷನ್ನನ್ನೇ ನೋಡಿ. 2005ರಲ್ಲಿ ಬಂದ ಬೆಂಜ್ ಎಸ್-ಕ್ಲಾಸ್‌ನ ಹೆಚ್ಚಿನ ಮಾದರಿಗಳು ಉಕ್ಕಿನ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ನಿಂತಿರುತ್ತವೆ. ವರ್ಷ ಕಳೆದಂತೆ ರಬ್ಬರಿನ ಮಡಿಕೆಯಲ್ಲಿ ಸಣ್ಣ ಬಿರುಕು ಬೀಳುತ್ತದೆ. ರಾತ್ರಿ ನಿಲ್ಲಿಸಿದ ಕಾರು ಬೆಳಗ್ಗೆ ಒಂದು ಮೂಲೆಗೆ ಕುಸಿದಿರುತ್ತದೆ. ಸ್ಟಾರ್ಟ್ ಮಾಡಿದರೆ ಕಂಪ್ರೆಸರ್ ಗಾಳಿ ತುಂಬಿ ಎತ್ತುತ್ತದೆ, ನಾವು ಸುಮ್ನೆ ಓಡಿಸಿಕೊಂಡು ಹೋಗುತ್ತೇವೆ. ಹೀಗೆ ಸೋರಿದ್ದನ್ನು ತುಂಬಿ ತುಂಬಿ ಒಂದು ದಿನ ಕಂಪ್ರೆಸರ್ ಸುಟ್ಟುಹೋಗುತ್ತದೆ. ಗ್ಯಾರೇಜಿನವರು ಕಂಪ್ರೆಸರ್ ಮಾತ್ರ ಬದಲಾಯಿಸುತ್ತಾರೆ. ಸೋರಿಕೆ ಹಾಗೇ ಇರುತ್ತದೆ, ಹೊಸದೂ ಹಳೆಯದರ ದಾರಿ ಹಿಡಿಯುತ್ತದೆ. ಮೊದಲೇ ಸೋಪಿನ ನೀರು ಹಾಕಿ ಎಲ್ಲಿ ಗುಳ್ಳೆ ಏಳುತ್ತದೆ ಎಂದು ನೋಡಿದ್ದರೆ ಮುಗಿದಿತ್ತು. ಪಂಕ್ಚರ್ ಅಂಗಡಿಯ ಹುಡುಗನಿಗೂ ಗೊತ್ತಿರುವ ವಿದ್ಯೆ ಇದು! ಕಂಪ್ರೆಸರ್ ಹಾಕಿಸುವಾಗ ಅದಕ್ಕೆ ಕರೆಂಟ್ ಕೊಡುವ ಸ್ವಿಚ್, ಅಂದರೆ ರಿಲೇಯನ್ನೂ ಬದಲಾಯಿಸಿ. ರಿಲೇ ಅಂಟಿಕೊಂಡರೆ ಕಂಪ್ರೆಸರ್ ನಿಲ್ಲದೆ ಓಡುತ್ತದೆ.

ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದ ತಕ್ಷಣ ಉತ್ತರ ಸಿಕ್ಕಿತು ಎಂದುಕೊಳ್ಳುವುದೂ ಇದೇ ಜಾತಿಯ ಅವಸರ. ಪಿ0171 ಕೋಡ್ ಬಂತು ಅನ್ನಿ. ಇಂಜಿನ್‌ಗೆ ಹೋಗುವ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಎಂದಷ್ಟೇ ಅದರ ಅರ್ಥ. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಎಂದು ಅದು ಎಲ್ಲೂ ಹೇಳಿಲ್ಲ. ಎಷ್ಟೋ ಸಲ ಬಿರುಕು ಬಿಟ್ಟ ಒಂದು ರಬ್ಬರ್ ಪೈಪಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತಿರುತ್ತದೆ. ಪೈಪುಗಳೊಳಗೆ ಹೊಗೆ ಬಿಟ್ಟು ನೋಡುವ ಸ್ಮೋಕ್ ಟೆಸ್ಟ್ ಮಾಡಿಸಿದರೆ ಹೊಗೆ ಹೊರಬಂದ ಜಾಗವೇ ರೋಗದ ಜಾಗ.

ಇನ್ನು ಎಬಿಎಸ್, ಏರ್‌ಬ್ಯಾಗ್, ಗೇರ್‌ಬಾಕ್ಸ್ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡರೆ ಹೆದರಬೇಡಿ, ಮೊದಲು ಬ್ಯಾಟರಿ ನೋಡಿ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ 12.6 ವೋಲ್ಟ್ ಹತ್ತಿರ ಇರಬೇಕು. ಆಮೇಲೆ ವೈಪರ್ ಕೆಳಗಿನ ತಟ್ಟೆಯ ತೂತುಗಳನ್ನು ನೋಡಿ. ಬೆಂಗಳೂರಿನಲ್ಲಿ ಮರದ ಕೆಳಗೆ ಕಾರು ನಿಲ್ಲಿಸುವವರು ಮಳೆಗಾಲಕ್ಕೆ ಮುಂಚೆ ಅಲ್ಲಿನ ಎಲೆ ತೆಗೆಯಲೇಬೇಕು. ತೂತು ಕಟ್ಟಿಕೊಂಡರೆ ನೀರು ಒಳಗಿಳಿದು ಕಾರಿನ ಎಲೆಕ್ಟ್ರಾನಿಕ್ ಮೆದುಳಾದ ಕಂಟ್ರೋಲ್ ಯೂನಿಟ್ ಸೇರಬಹುದು. ಹತ್ತು ನಿಮಿಷದ ಕೆಲಸ ಮಾಡದೆ ಲಕ್ಷದ ಮಾತಾಗುವುದು ಹೀಗೆ.

ಗೇರ್‌ಬಾಕ್ಸ್ ಆಯಿಲ್ "ಲೈಫ್‌ಟೈಮ್", ಮುಟ್ಟಬೇಡಿ ಎನ್ನುವವರು ಸಿಗುತ್ತಾರೆ. ಹಳೆಯ ಬಿಎಂಡಬ್ಲ್ಯುಗಳಿಗೆ ಗೇರ್‌ಬಾಕ್ಸ್ ಮಾಡಿಕೊಟ್ಟ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಒಳಗೆ ಬದಲಾಯಿಸಿ ಎನ್ನುತ್ತದೆ. ನನಗೆ ಅವರ ಮಾತೇ ಸರಿ ಅನ್ನಿಸುತ್ತದೆ.

ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಕಾರುಗಳ ಮೇಲೆ ಬಹುಕಾಲ ನಿಷೇಧದ ಕತ್ತಿ ತೂಗುತ್ತಿದ್ದುದರಿಂದ ಅಲ್ಲಿಂದ ಅಗ್ಗದ ಕಾರು ತರುವ ಆಸೆ ಎಲ್ಲರಿಗೂ. ಎನ್‌ಒಸಿ, ಕರ್ನಾಟಕದ ಲೈಫ್‌ಟೈಮ್ ತೆರಿಗೆ, 15 ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ, ಇದನ್ನೆಲ್ಲ ಸೇರಿಸಿ ಲೆಕ್ಕ ಹಾಕಿ. ಅಗ್ಗ ಅನ್ನಿಸಿದ್ದು ಅಷ್ಟೇನೂ ಅಗ್ಗವಲ್ಲ ಎಂದು ಆಗ ಕಾಣಬಹುದು.

ಕಾರು ನೋಡಲು ಹೋಗುವುದಾದರೆ ಬೆಳಗ್ಗೆಯೇ ಹೋಗಿ, ರಾತ್ರಿಯಿಂದ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿಡಿ. ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಆಗಲೇ ಸ್ಟಾರ್ಟ್ ಮಾಡಿದ್ದಾರೆ, ಕುಸಿದ ಮೂಲೆಯೂ ಎದ್ದು ನಿಂತಿರುತ್ತದೆ ಎಂದುಕೊಳ್ಳಿ; ನಾಳೆ ಬರ್ತೀನಿ ಎಂದು ಹೇಳಿ ವಾಪಸ್ ಬನ್ನಿ.