ಒಂದು ಪಿನ್ನಿನ ಹಟಕ್ಕೆ ಎರಡು ಭಾನುವಾರ

ನಮ್ಮ 2007ರ ಮಾರುತಿ ಆಲ್ಟೊ ಕಾರಿನ ಮುಂದಿನ ಬ್ರೇಕ್ ಪ್ಯಾಡ್‌ಗಳನ್ನು ಮನೆಯಂಗಳದಲ್ಲೇ ಬದಲಿಸುವ ಕೆಲಸ ಕೊನೆಗೂ ಮುಗಿಯಿತು. ಬಲಗಡೆಯ ಚಕ್ರಕ್ಕೆ ಮುಕ್ಕಾಲು ಗಂಟೆ ಸಾಕಾಯಿತು. ಎಡಗಡೆಯದು ಎರಡು ಭಾನುವಾರಗಳನ್ನು ನುಂಗಿತು.

ಹೊರಗಿನ ಪ್ಯಾಡಿನಲ್ಲಿ 6 ಮಿಲಿಮೀಟರ್ ಉಳಿದಿದ್ದರೆ ಒಳಗಿನದು 2 ಮಿಲಿಮೀಟರಿಗೆ ಇಳಿದಿತ್ತು. ಈ ಬಗೆಯ ಕ್ಯಾಲಿಪರಿನಲ್ಲಿ (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡು ಪ್ಯಾಡ್‌ಗಳ ನಡುವೆ ಅದುಮಿ ಹಿಡಿಯುವ ಇಕ್ಕಳದಲ್ಲಿ) ಪಿಸ್ಟನ್ ಒಳಬದಿಗೆ ಮಾತ್ರ ಇರುವುದರಿಂದ, ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತಿದಾಗ ಇಡೀ ಕ್ಯಾಲಿಪರ್ ಗೈಡ್ ಪಿನ್‌ಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ತರಬೇಕು. ಪಿನ್ ಹಿಡಿದುಕೊಂಡರೆ ದುಡಿತವೆಲ್ಲ ಒಳಗಿನ ಪ್ಯಾಡಿನ ಪಾಲಿಗೇ ಬರುತ್ತದೆ. ಇಲ್ಲಿ ಕೆಳಗಿನ ಪಿನ್ನಿನ ರಬ್ಬರ್ ಬೂಟ್, ಎಂದರೆ ಧೂಳು ತಡೆಯುವ ಮುಸುಕು, ಹರಿದಿತ್ತು. ಸಂಡೂರಿನ ಅದಿರು ಲಾರಿಗಳ ಹಿಂದೆ ವರ್ಷಗಟ್ಟಲೆ ಓಡಿದ್ದಕ್ಕೆ ಸಿಕ್ಕ ಪ್ರಸಾದವಾದ ಕೆಂಪು ಧೂಳು ಅದರೊಳಗೆ ಹೊಕ್ಕು, ಮಳೆನೀರು ಕುಡಿದು, ಗಾರೆಯಂತೆ ಗಟ್ಟಿಯಾಗಿತ್ತು.

ಮೊದಲ ಭಾನುವಾರ ಪಿನ್ನಿಗೆ ತುಕ್ಕು ಬಿಡಿಸುವ ಎಣ್ಣೆ ಸುರಿದು, ಸುತ್ತಿಗೆಯಿಂದ ಬಡಿದು, ಪಕ್ಕಡದಲ್ಲಿ ಹಿಡಿದು ಎಳೆದದ್ದೇ ಎಳೆದದ್ದು. ಅದು ಕದಲಲಿಲ್ಲ, ನನ್ನ ಸೊಂಟ ಕದಲಿತು. ಬಿಡಿಭಾಗದ ಅಂಗಡಿಯವರು ಬೂಟ್ ಮಾತ್ರ ಬರುವುದಿಲ್ಲ, ಇಡೀ ಕ್ಯಾಲಿಪರನ್ನೇ ಕೊಳ್ಳಿರಿ ಎಂದರು. ಅವರೇ ಮೊದಲು ಬೇರೆ ಮಾಡೆಲ್ಲಿನ ಪ್ಯಾಡ್ ಕೊಟ್ಟು ಎಲ್ಲವೂ ಒಂದೇ ಎಂದು ವಾದಿಸಿದ್ದವರು. ಬೂಟಿನ ಕಿಟ್ ಬೆಂಗಳೂರಿನಿಂದ ಬರಲು ಐದು ದಿನ ಬೇಕಾಯಿತು.

ದಾರಿ ತೋರಿಸಿದವರು ನಮ್ಮ ಓಣಿಯ ವೆಲ್ಡಿಂಗ್ ಅಣ್ಣ. "ಜಗ್ಗಬ್ಯಾಡ್ರಿ ಸರ, ತಿರುವ್ರಿ" ಎಂದರು. ಪಿನ್ ಕೂತಿದ್ದ ಬ್ರಾಕೆಟ್ಟನ್ನು ಬಿಚ್ಚಿ, ಎಣ್ಣೆಯನ್ನೆಲ್ಲ ಒರೆಸಿ, ವೈಸಿನಲ್ಲಿ ಬಿಗಿದು, ಪಿನ್ನನ್ನು ಬಿಟ್ಟು ಅದರ ಸುತ್ತಲಿನ ಕಬ್ಬಿಣವನ್ನಷ್ಟೇ ಗ್ಯಾಸ್ ಜ್ವಾಲೆಯಿಂದ ಕಾಯಿಸಿದೆವು. ರಂಧ್ರ ಕೂದಲೆಳೆಯಷ್ಟು ಹಿಗ್ಗಿದಾಗ ಪಾನಾದಿಂದ ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸುತ್ತ ಹೋದಂತೆ ಕಿರ್ರೆಂದು ಸದ್ದಾಗಿ, ಪಿನ್ ಇಷ್ಟಿಷ್ಟೇ ಹೊರಬಂತು.

ಬೂಟ್ ಹರಿದದ್ದೇಕೆಂದು ನೋಡಿದರೆ, ಅದಕ್ಕೂ ಮುಂಚೆ ಅದು ಉಬ್ಬಿತ್ತು. ಬೇರಿಂಗಿಗೆ ಹಾಕುವ ಪೆಟ್ರೋಲಿಯಂ ಗ್ರೀಸ್ ಈ ಜಾತಿಯ ರಬ್ಬರನ್ನು ಊದಿಸಿ ಹಾಳುಮಾಡುತ್ತದೆ. ಹಿಂದಿನ ಸಲ ಆ ಗ್ರೀಸನ್ನು ಧಾರಾಳವಾಗಿ ಮೆತ್ತಿದವನು ನಾನೇ ಆದ್ದರಿಂದ ಬಯ್ಯಲು ಬೇರೆ ಯಾರೂ ಸಿಗಲಿಲ್ಲ. ಈ ಸಲ ಹೊಸ ಪಿನ್ನಿಗೆ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿದ್ದೇನೆ.

ಪಿಸ್ಟನ್ನನ್ನು ಹಿಂದಕ್ಕೆ ಒತ್ತುವಾಗ ಡಬ್ಬಿಯಲ್ಲಿ ಮೇಲೇರಿದ ಬ್ರೇಕ್ ಆಯಿಲ್ ಚಹಾದ ಬಣ್ಣಕ್ಕೆ ತಿರುಗಿದ್ದು ಕಂಡಿತು. ಅದು ಗಾಳಿಯ ತೇವವನ್ನು ಹೀರುವ ಪದಾರ್ಥವಾದ್ದರಿಂದ ಅದನ್ನೂ ಬದಲಿಸಬೇಕು. ಹಿಂದಿನ ಚಕ್ರದ ಡ್ರಮ್ ಬ್ರೇಕಿನ ವೀಲ್ ಸಿಲಿಂಡರ್ (ಆಯಿಲ್ ಒತ್ತಡದಿಂದ ಬ್ರೇಕನ್ನು ಒತ್ತುವ ಭಾಗ) ಒದ್ದೆಯಾದಂತೆ ಕಾಣುತ್ತಿರುವುದರಿಂದ ಮುಂದಿನ ತಿಂಗಳು ಎರಡನ್ನೂ ಒಟ್ಟಿಗೇ ಹಿಡಿಯುತ್ತೇನೆ.

ಪೆಡಲ್ ಗಟ್ಟಿಯಾಗುವವರೆಗೂ ತುಳಿದು, ಕುಡಿತಿನಿಯವರೆಗೆ ಹೋಗಿ ಬಂದು, ಎರಡೂ ಚಕ್ರಗಳ ಬಳಿ ಅಂಗೈ ಹಿಡಿದು ನೋಡಿದೆ. ಬಿಸಿ ಸಮನಾಗಿತ್ತು, ಎಂದರೆ ಯಾವ ಕಡೆಯ ಬ್ರೇಕೂ ಹಿಡಿದುಕೊಂಡಿರಲಿಲ್ಲ. ಬಳ್ಳಾರಿಯ ಬಿಸಿಲಿನ ಸಾಕ್ಷಿಯನ್ನು ನಂಬಲಾಗದು ಎಂದೇ ಬೆಳಗಿನ ಆರಕ್ಕೆ ಹೊರಟಿದ್ದೆ.