ಯಾವ ಟ್ರೈಪಾಡ್ ತೊಗೋಬೇಕ್ರಿ?

ಕಲಬುರಗಿಯಲ್ಲಿ ಹೊಸದಾಗಿ ಕ್ಯಾಮೆರಾ ಕೊಂಡವರು ಸಿಕ್ಕರೆ ಈ ಪ್ರಶ್ನೆ ತಪ್ಪಿದ್ದಲ್ಲ: "ಸರ, ಯಾವ ಟ್ರೈಪಾಡ್ ತೊಗೋಬೇಕ್ರಿ? ಎರಡು ಸಾವಿರದಾಗ ಛಲೋದು ಬರ್ತದೇನ್ರಿ?" ನಾನು ಮೊದಲು ತಿರುಗಿ ಕೇಳುವುದು, ನೀವು ತೆಗೆಯೋದು ಏನನ್ನ ಅಂತ.

ಬೀದರ್ ಕಡೆ ಹೋಗಿ ಕೃಷ್ಣಮೃಗ ತೆಗೀತೀನಿ ಅಂದರೆ ಟ್ರೈಪಾಡೇ ಬೇಡ. ಕಾರಿಂದ ಇಳಿದು ಕಾಲು ಬಿಚ್ಚೋವಷ್ಟರಲ್ಲಿ ಅವು ಹೊಲ ದಾಟಿರುತ್ತವೆ. ಗಟ್ಟಿ ಬಟ್ಟೆಯ ಚೀಲಕ್ಕೆ ತೊಗರಿಬೇಳೆ ತುಂಬಿ ಬಾಯಿ ಹೊಲಿದುಬಿಡಿ. ಅದನ್ನು ಕಾರಿನ ಕಿಟಕಿ ಮೇಲಿಟ್ಟು ಲೆನ್ಸ್ ಊರಿದರೆ ಆಯ್ತು. ನಮ್ಮ ಜಿಲ್ಲೆಯಲ್ಲಿ ಬೇಳೆಗೇನು ಬರ, ಅಲ್ವಾ?

ಸಂಜೆ ಅಪ್ಪನ ಕೆರೆ, ರಾತ್ರಿ ನಕ್ಷತ್ರ ಅನ್ನುವವರಿಗೆ ಟ್ರೈಪಾಡ್ ಬೇಕೇ ಬೇಕು. ಎರಡು ಸಾವಿರದ್ದು ಫೋನಿಗೆ ಸಾಕು, ಕ್ಯಾಮೆರಾಕ್ಕೆ ಸಾಲದು. ಡಬ್ಬಿ ಮೇಲೆ ಇಷ್ಟು ಕೆಜಿ ತಡೆಯುತ್ತೆ ಅಂತ ಬರೆದಿರುತ್ತಾರೆ. ಅದನ್ನು ಪೂರ್ತಿ ನಂಬಬೇಡಿ. ಕ್ಯಾಮೆರಾ, ಲೆನ್ಸ್ ಎರಡೂ ಸೇರಿ ಎಷ್ಟು ತೂಗುತ್ತವೋ ಅದರ ಎರಡು ಪಟ್ಟಾದರೂ ಇರಲಿ.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಕಾಲುಗಳನ್ನು ಪೂರ್ತಿ ಎಳೆಯಿರಿ. ನಿಮ್ಮ ಕ್ಯಾಮೆರಾಕ್ಕೆ ಇರೋದರಲ್ಲೇ ಉದ್ದದ ಲೆನ್ಸ್ ಹಾಕಿ ಮೇಲೆ ಕೂರಿಸಿ. ಹಿಂದಿನ ಸ್ಕ್ರೀನಿನಲ್ಲಿ ಎದುರಿನ ಬೋರ್ಡಿನ ಒಂದು ಅಕ್ಷರವನ್ನು ಪೂರಾ ದೊಡ್ಡದು ಮಾಡಿಕೊಂಡು, ಕಾಲಿಗೆ ಬೆರಳಿಂದ ಟಕ್ ಅಂತ ಹೊಡೆಯಿರಿ. ಅಕ್ಷರ ನಡುಗಿ ತಟ್ಟನೆ ನಿಂತರೆ ಸರಿ. ನಡುಗ್ತಾನೇ ಇದ್ದರೆ ವಾಪಸ್ ಕೊಟ್ಟುಬಿಡಿ. ಆಮೇಲೆ ನಡುವಿನ ಕಂಬವನ್ನು ಮೇಲೆತ್ತಿ ಇನ್ನೊಮ್ಮೆ ಹೊಡೆದು ನೋಡಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ಅದಕ್ಕೇ ಹೇಳೋದು, ಕಂಬ ಎತ್ತದೆ ಕಣ್ಣಿನ ಮಟ್ಟಕ್ಕೆ ಬರುವಂಥದ್ದನ್ನೇ ಆರಿಸಿ ಅಂತ.

ಕಾರ್ಬನ್ ಫೈಬರ್ ಹಗುರ, ನಡುಕವೂ ಬೇಗ ಇಳಿಯುತ್ತೆ, ಬೆಲೆ ಜಾಸ್ತಿ. ಬೆಟ್ಟ ಹತ್ತಿ ತಿರುಗಾಡದವರಿಗೆ ಅಲ್ಯೂಮಿನಿಯಂ ಸಾಕು. ಆದರೆ ನಮ್ಮ ಮೇ ತಿಂಗಳ ಬಿಸಿಲಲ್ಲಿ ಬಿಟ್ಟರೆ ಕಾಲು ಮುಟ್ಟೋಕಾಗಲ್ಲ. ಹಿಡಿಯುವ ಕಡೆ ಫೋಮ್ ಸುತ್ತಿರೋದನ್ನು ನೋಡಿ ತಗೊಳ್ಳಿ. ಎರೆ ಹೊಲಕ್ಕೆ ಇಳಿಸುವಾಗ ಕೆಳಗಿನ ಸಣ್ಣ ಕಾಲನ್ನೂ ಒಂದಿಷ್ಟು ಎಳೆದುಕೊಳ್ಳಿ. ಇಲ್ಲದಿದ್ದರೆ ಮಣ್ಣು ನೇರ ಲಾಕಿನೊಳಗೇ ಹೋಗುತ್ತೆ.

ಹೆಡ್ಡನ್ನು, ಅಂದರೆ ಕಾಲುಗಳ ಮೇಲೆ ಕ್ಯಾಮೆರಾ ಕೂರಿಸಿ ತಿರುಗಿಸುವ ಭಾಗವನ್ನು, ಬೇರೆಯಾಗಿ ಕೊಳ್ಳೋದು ಒಳ್ಳೇದು. ನಾಳೆ ಆಸಕ್ತಿ ಬದಲಾದರೆ ಹೆಡ್ ಮಾತ್ರ ಬದಲಿಸಬಹುದು. ಸಾಮಾನ್ಯ ಬಳಕೆಗೆ ಬಾಲ್ ಹೆಡ್, ಗುಂಡಿನ ಮೇಲೆ ಎಲ್ಲ ಕಡೆ ತಿರುಗುವಂಥದ್ದು. ಅದರ ತಿರುಪು ಬಿಗಿ ಮಾಡಿ ಕೈ ಬಿಟ್ಟ ಮೇಲೆ ಲೆನ್ಸ್ ಒಂದು ಚೂರು ಕೆಳಗೆ ಇಳಿಯುತ್ತಾ ನೋಡಿ. ಇಳಿದರೆ ಅದು ಬೇಡ. ಗುಮ್ಮಟ, ಕಮಾನು ನೆಟ್ಟಗೆ ಬರಬೇಕು ಅನ್ನುವವರಿಗೆ ಥ್ರೀ-ವೇ ಹೆಡ್. ಒಂದೊಂದು ದಿಕ್ಕನ್ನೂ ಬೇರೆ ಬೇರೆ ಹಿಡಿಯಿಂದ ತಿದ್ದಬಹುದು. ಮದುವೆ ವಿಡಿಯೋಗೆ ಫ್ಲೂಯಿಡ್ ಹೆಡ್, ಜರ್ಕ್ ಇಲ್ಲದೆ ನಯವಾಗಿ ತಿರುಗುತ್ತೆ. ಸುರಪುರದ ಬೋನಾಳ ಕೆರೆಯ ಹಕ್ಕಿಗಳಿಗೆ ದೊಡ್ಡ ಲೆನ್ಸ್ ಒಯ್ಯುವವರಿಗೆ ಗಿಂಬಲ್ ಹೆಡ್. ಲೆನ್ಸ್ ಅದರಲ್ಲಿ ಸಮತೋಲದಲ್ಲಿ ತೂಗುತ್ತೆ, ಒಂದು ಬೆರಳಲ್ಲಿ ತಿರುಗಿಸಬಹುದು. ಯಾವುದೇ ಆದರೂ ಕ್ಯಾಮೆರಾದ ತಳಕ್ಕೆ ಹಾಕಿ ಹೆಡ್ಡಿಗೆ ಕೂರಿಸುವ ಪ್ಲೇಟ್ ಆರ್ಕಾ-ಸ್ವಿಸ್ ಅನ್ನುವ ಮಾದರಿಯದ್ದಿರಲಿ. ಬೇರೆ ಕಂಪನಿಯ ಪ್ಲೇಟೂ ಸಾಮಾನ್ಯವಾಗಿ ಕೂಡುತ್ತೆ.

ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಗೆ ಅಂತಲೇ ಟ್ರೈಪಾಡ್ ಕೊಳ್ಳುವವರೂ ಇದ್ದಾರೆ. 1367ರ ಆ ಕಟ್ಟಡಕ್ಕೆ ನಡುವೆ ತೆರೆದ ಅಂಗಳವಿಲ್ಲ, ಪೂರ್ತಿ ಚಾವಣಿ. ಒಳಗಿನ ಕಮಾನುಗಳಲ್ಲಿ ಬೆಳಕು ಕಮ್ಮಿ, ಆಸೆ ಸಹಜ. ಆದರೆ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಊರೋಕೆ ಮುಂಚೆಯೇ ಅನುಮತಿ ಪಡೆಯಬೇಕು. ಅನುಮತಿ ಇಲ್ಲದೆ ಹೋದರೆ, ಕಮ್ಮಿ ಬೆಳಕಲ್ಲೂ ಚಿತ್ರ ಬೆಳಗಿಸುವ ಸೆಟ್ಟಿಂಗ್ ಆದ ಐಎಸ್‌ಒ ಏರಿಸಿ, ಕಂಬಕ್ಕೆ ಭುಜ ಆನಿಸಿ, ಉಸಿರು ಹಿಡಿದು ತೆಗೆಯಿರಿ. ಸುಮ್ನೆ ಬಾಗಿಲಲ್ಲಿ ಕಾವಲಿನವರ ಜೊತೆ ವಾದಕ್ಕೆ ನಿಲ್ಲಬೇಡಿ.